ಹೆಗಲ ಮೇಲಿನ ಕೈ

ಭದ್ರಾವತಿಯ ಕಾರ್ಖಾನೆಗೆ ಹೋಗುವ ಓಬಯ್ಯನಿಗೆ ಸೈಕಲ್ಲಿನ ಹ್ಯಾಂಡಲ್ ಹಿಡಿಯಲು ಒಂದೇ ಕೈ ಸಾಕು. ಇನ್ನೊಂದು ಸದಾ ಪಕ್ಕದ ಸೈಕಲ್ಲಿನಲ್ಲಿ ಬರುವ ಉಜ್ಜನಪ್ಪನ ಹೆಗಲ ಮೇಲೆ. ಇಬ್ಬರೂ ಜೋಡೆತ್ತಿನಂತೆ ಇಡೀ ರಸ್ತೆ ಹಿಡಿದು ಹೋಗುವಾಗ ಹಿಂದಿನ ಬಸ್ಸು ಹಾರನ್ ಹೊಡೆದರೆ, "ತಡಿ ಮಾರಾಯ, ಮಾತು ಮುಗೀಲಿ" ಎನ್ನುವವನು ಓಬಯ್ಯನೇ. "ಇನ್ನೊಬ್ರ ಹೆಗಲ ಮೇಲೆ ಸವಾರಿ ಮಾಡ್ತೀಯ, ಲೀಡರ್ ಆಗೋ ಲಕ್ಷಣ ಇದೆ ಕಣೋ" ಎಂದು ಯೂನಿಯನ್ನಿನಲ್ಲಿ ನಾವು ಛೇಡಿಸುತ್ತೇವೆ. "ಪುಕ್ಕಟೆ ಸಿಕ್ಕಿದ್ದನ್ನ ಯಾಕೆ ಬಿಡ್ಲಿ" ಎಂದು ಹಲ್ಲು ಕಿರಿಯುತ್ತಾನೆ. ಮೊನ್ನೆ ಓಬಯ್ಯ ರಜೆ ಹಾಕಿದ. ಮಂಡಿ ಸವೆದ ಉಜ್ಜನಪ್ಪ ಸೇತುವೆಯ ಏರಿನಲ್ಲಿ ಇಳಿದು, ಸೈಕಲ್ ತಳ್ಳಿಕೊಂಡು ಬರುವಷ್ಟರಲ್ಲಿ ಸೈರನ್ ಆಗಿ ಗೇಟು ಮುಚ್ಚಿತ್ತು. ಯಾಕೆ ತಡ ಅಂದೆವು. "ಏರಲ್ಲಿ ನನ್ನ ನೂಕೋನು ಇವತ್ತು ಬಂದಿಲ್ಲ ಕಣ್ರಯ್ಯ" ಎಂದ.