ಹೊರಟು ನಿಂತವರ ಚಿತ್ರ

ಒಗ್ಗರಣೆಗೆ ಕರಿಬೇವು ಬಿಡಿಸುತ್ತಿದ್ದಾಗ ಹ್ಯೂಸ್ಟನ್ನಿನಿಂದ ಮಗಳ ಫೋನು ಬಂತು. ಅಲ್ಲಿ ಕಲೆಯ ಇತಿಹಾಸ ಓದುತ್ತಾಳೆ. ಒಂದು ಮ್ಯೂಸಿಯಮ್ಮಿನಲ್ಲಿ ಫ್ರಾನ್ಸಿನ ಹಳೆಯ ವ್ಯಂಗ್ಯಚಿತ್ರಗಳ ಪ್ರದರ್ಶನ. ಶನಿವಾರ ಬಂದವರಿಗೆ ಅವನ್ನು ವಿವರಿಸುವ ಅವಕಾಶ ಅವಳಿಗೆ ಸಿಕ್ಕಿತ್ತು. ಜನ ನಿಂತು ಕೇಳಿದರೆ ಬೇಸಿಗೆಗೆ ಅಲ್ಲೇ ಕೆಲಸ. ಹಿಂದಿನ ವಾರ ಅಭ್ಯಾಸಕ್ಕೆಂದು ಮಾತಾಡಿದಾಗ ಎರಡನೆಯ ಚಿತ್ರಕ್ಕೇ ಎಲ್ಲರೂ ಜಾರಿಕೊಂಡಿದ್ದರಂತೆ.

"ನೀನ್ ಬಾಮ್ಮ. ಅಟ್‌ಲೀಸ್ಟ್ ಒಬ್ರಾದ್ರೂ ಎಂಡ್‌ವರೆಗೂ ಇರ್ತಾರೆ" ಎಂದಳು.

ಶನಿವಾರ ದೇವರಿಗೆ ದೀಪ ಹಚ್ಚಿ, ನಾವಿರುವ ಫ್ಲೂಗರ್‌ವಿಲ್ಲಿನಿಂದ ಬೆಳಿಗ್ಗೆ ಬೇಗನೇ ಹ್ಯೂಸ್ಟನ್ನಿಗೆ ಹೊರಟೆವು. ನಮ್ಮ ಮನೆಯವರು ಡ್ರೈವ್ ಮಾಡಿದರು. ಟ್ರಾಫಿಕ್ ಇರಲಿಲ್ಲ, ನೆರಳಲ್ಲಿ ಪಾರ್ಕಿಂಗ್ ಸಿಕ್ಕಿತು, ನನ್ನ ಮಂಡಿ ನೋಯಲಿಲ್ಲ. ಇಷ್ಟು ಕೊಟ್ಟವನು ಮುಂದಿನದನ್ನೂ ಕೊಡುತ್ತಾನೆ ಅಂದುಕೊಂಡೆ.

ಮಗಳು ಚೆನ್ನಾಗಿಯೇ ಹೇಳುತ್ತಿದ್ದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಮಧ್ಯಮವರ್ಗದವರು ದೊಡ್ಡ ಮನೆತನದವರ ನಡವಳಿಕೆ ಕಲಿಯಲು ಹೊರಟಿದ್ದರಂತೆ. ಚಿತ್ರಕಾರರು ಅದನ್ನೇ ಗೇಲಿ ಮಾಡಿ ಅಚ್ಚು ಹಾಕಿಸುತ್ತಿದ್ದರಂತೆ. ಆದರೆ ಕೇಳುವವರ ಮುಖದಲ್ಲಿ ನಗುವಿಲ್ಲ. ಇಬ್ಬರು ಆಗಲೇ ಪಕ್ಕದ ಕೋಣೆಯತ್ತ ನಡೆದಿದ್ದರು.

ಆಗ ಆ ಚಿತ್ರ ಬಂತು. ಟೋಪಿ, ಶಾಲು ಹಾಕಿಕೊಂಡು ಹೊರಟು ನಿಂತ ಅತಿಥಿಗಳು. ಬಾಗಿಲಲ್ಲಿ ಹೆಂಗಸರಿಬ್ಬರ ಮಾತು ಮುಗಿದಿಲ್ಲ. ಹಿಂದೆ ಮನೆಯ ಗಂಡಸು ಮೇಣದಬತ್ತಿ ಹಿಡಿದು ಆಕಳಿಸುತ್ತಿದ್ದಾನೆ. ನನಗೆ ನಗು ತಡೆಯಲಾಗಲಿಲ್ಲ.

"ಇದು ನಮ್ಮನೆ ಬಾಗ್ಲೇ ಅಲ್ವೇನೇ" ಎಂದುಬಿಟ್ಟೆ.

ಮಗಳ ಮುಖ ಕೆಂಪಾಯಿತು. ಆಮೇಲೆ ಏನು ತೋಚಿತೋ, ಎಲ್ಲರಿಗೂ ಹೇಳು ಎಂದಳು. ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ: ನಮ್ಮಲ್ಲಿ ಹೊರಡುವ ಹೆಂಗಸರಿಗೆ ಕುಂಕುಮ ಕೊಡುತ್ತೇವೆ, ಕೊಟ್ಟರೆ ಇನ್ನು ಹೊರಡಬಹುದು ಅಂತ, ಆದರೆ ನಿಜವಾದ ಮಾತು ಶುರುವಾಗುವುದೇ ಚಪ್ಪಲಿ ಮೆಟ್ಟಿದ ಮೇಲೆ, ಅಷ್ಟು ಹೊತ್ತೂ ನನ್ನ ಗಂಡ ಹೀಗೇ ಹಿಂದೆ ನಿಂತಿರುತ್ತಾರೆ. ಎಲ್ಲರೂ ಅವರತ್ತ ತಿರುಗಿದರು. ನಸುಕಿಗೇ ಎದ್ದಿದ್ದ ಅವರು ನಿಜಕ್ಕೂ ಆಕಳಿಸುತ್ತಿದ್ದರು.

ಕೋಣೆಯೆಲ್ಲ ನಕ್ಕಿತು. ಒಬ್ಬ ಅಜ್ಜಿ, ತಮ್ಮ ಅತ್ತೆ ಕಾರಿನ ಕಿಟಕಿ ಹಿಡಿದುಕೊಂಡು ಅರ್ಧ ಗಂಟೆ ಮಾತಾಡುತ್ತಿದ್ದರು ಎಂದರು. ಹೋದ ಇಬ್ಬರೂ ವಾಪಸು ಬಂದರು. ಉಳಿದ ಚಿತ್ರಗಳಿಗೂ ಮಗಳು ಹಾಗೇ ಒಬ್ಬೊಬ್ಬರ ಮನೆಯ ಸುದ್ದಿ ಕೇಳುತ್ತ ಹೋದಳು. ಕೊನೆಯವರೆಗೂ ಯಾರೂ ಕದಲಲಿಲ್ಲ. ಪ್ರದರ್ಶನ ನೋಡಿಕೊಳ್ಳುವ ಹೆಂಗಸು ಬಂದು, ಜೂನ್‌ನಿಂದ ಕೆಲಸಕ್ಕೆ ಬಾ ಎಂದಳು. ನಾನು ಅಲ್ಲೇ ಕಣ್ಣುಮುಚ್ಚಿ ಕೈಮುಗಿದೆ.

ಮಗಳ ಅಪಾರ್ಟ್‌ಮೆಂಟಿನಿಂದ ಹೊರಡುವಾಗ, ಚಪ್ಪಲಿ ಮೆಟ್ಟಿದ ಮೇಲೆ, ನಾನೂ ಅವಳೂ ಬಾಗಿಲಲ್ಲಿ ಮುಕ್ಕಾಲು ಗಂಟೆ ಮಾತಾಡಿದೆವು.

"ಅಪ್ಪಾ, ಕ್ಯಾಂಡಲ್ ಬೇಕಾ?" ಎಂದಳು ಅವಳು.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದೆ.