ಕಾರ್ಡಿನಲ್ಲಿದ್ದ ಪದಗಳು

ನನ್ನ ಫೋನಿನೊಳಗೆ ಒಂದು ಇಸ್ಪೀಟಾಟ ಇದೆ. ನಾನು ಹಾಕಿಸಿದ್ದಲ್ಲ, ಕೊಂಡ ದಿನವೇ ಒಳಗೆ ಕೂತಿತ್ತು. ಅದರ ಪಕ್ಕದಲ್ಲಿ ಮಿಠಾಯಿ ಒಡೆಯುವ ಆಟ, ಎರಡು ಶಾಪಿಂಗ್ ಆ್ಯಪ್, ಯಾರೂ ಓದದ ಒಂದು ಸುದ್ದಿಯ ಆ್ಯಪ್. ಬೇರೆ ಯಾವುದರ ಮೇಲೆ ಬೆರಳೊತ್ತಿ ಹಿಡಿದರೂ ತೆಗೆದುಹಾಕಬೇಕೇ ಎಂದು ಕೇಳುತ್ತದೆ. ಇವುಗಳ ವಿಷಯಕ್ಕೆ ಮಾತ್ರ ತುಟಿ ಬಿಚ್ಚುವುದಿಲ್ಲ. ಮೈ ಮುರಿದು ದುಡಿದು ಕೊಂಡ ಫೋನು ನನ್ನದು, ಅದರಲ್ಲಿ ಇಸ್ಪೀಟಾಡುವವರನ್ನು ಎಬ್ಬಿಸಿ ಹೊರಗೆ ಅಟ್ಟುವ ಹಕ್ಕು ನನಗಿಲ್ಲ. ಆ ಚಿತ್ರ ಕಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಅದು ಉಳಿಯಿತು, ನಮ್ಮವ್ವನ ಪದ ಹೋದವು.

ಪದ ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲ ಹಾಳಾದದ್ದು ಅಲ್ಲೇ. ನಮ್ಮ ಯಾದಗಿರಿ ಕಡೆ ಹೆಂಗಸರು ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹೇಳಿಕೊಳ್ಳುವುದಕ್ಕೆ ಪದ ಅನ್ನುತ್ತೇವೆ. ಹಾಡು ಅಂದರೆ ಸಿನಿಮಾದ್ದು. ಪದ ಅಂದರೆ ಅಜ್ಜಿ ಅವ್ವನಿಗೆ, ಅವ್ವ ಮಗಳಿಗೆ ಬಾಯಲ್ಲೇ ಕೊಟ್ಟದ್ದು. ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಪದ ಎಷ್ಟು ಬರುತ್ತಿದ್ದವೋ ಅವಳಿಗೇ ಲೆಕ್ಕ ಗೊತ್ತಿರಲಿಲ್ಲ. ಕೊನೆಯ ಸಲ ಊರಿಗೆ ಹೋದಾಗ ಅವಳು ಶೇಂಗಾ ಸುಲಿಯುತ್ತ ಕೂತಿದ್ದಳು. ಫೋನನ್ನು ಮೊರದ ಅಂಚಿಗೆ ಆನಿಸಿಟ್ಟು ರೆಕಾರ್ಡ್ ಮಾಡಿಕೊಂಡೆ. “ನನ್ನ ದನಿ ಏನ್ ಹಿಡಕೋತಿ, ಒಡದ ಗಡಿಗಿ ಆಗ್ಯಾದ” ಅಂದಳು, ಅಂದು ಹೇಳತೊಡಗಿದಳು. ಒಂದೊಂದು ಪದದ ನಡುವೆ ಅವಳ ಕೆಮ್ಮು, ಸಿಪ್ಪೆ ಒಡೆಯುವ ಸದ್ದು, ಪಕ್ಕದ ಮನೆಯ ಆಡಿನ ಕೂಗು. ಕೊನೆಯಲ್ಲಿ, “ಸಾಕು, ಬಂದ್ ಮಾಡದನ್ನ” ಎಂಬ ಗದರಿಕೆ.

ಆ ವರ್ಷವೇ ಅವ್ವ ತೀರಿಕೊಂಡಳು. ಅವಳ ದನಿ ಇದ್ದದ್ದು ನನ್ನ ಫೋನಿಗೆ ಹಾಕಿದ ಉಗುರಗಲದ ಮೆಮೊರಿ ಕಾರ್ಡಿನಲ್ಲಿ, ಇನ್ನೆಲ್ಲೂ ಇಲ್ಲ. ಇನ್ನೊಂದು ಕಡೆ ಕಾಪಿ ಇಡಬೇಕಿತ್ತು ಎಂದು ಬುದ್ಧಿ ಹೇಳುವವರು ಈಗ ಊರ ತುಂಬ ಇದ್ದಾರೆ. ಆಗ ಒಬ್ಬರೂ ಇರಲಿಲ್ಲ.

ನಾನು ಮನೆಮನೆಗೆ ಹೋಗಿ ಫೇಶಿಯಲ್, ವ್ಯಾಕ್ಸಿಂಗ್ ಮಾಡುವವಳು. ಇರುವುದು ಲಿಂಗರಾಜಪುರದಲ್ಲಿ, ಮಹಡಿಯ ಮೇಲಿನ ಬಾಡಿಗೆ ರೂಮಿನಲ್ಲಿ. ಕೆಲಸ ಹೆಚ್ಚಾಗಿ ಇಂದಿರಾನಗರ, ಹಲಸೂರು, ಒಮ್ಮೊಮ್ಮೆ ಬೆನ್ಸನ್ ಟೌನ್. ಯಾರ ಮನೆಗೆ, ಎಷ್ಟು ಹೊತ್ತಿಗೆ ಎಂದು ಹೇಳುವುದು ಕಂಪನಿಯ ಆ್ಯಪ್. ಆ್ಯಪ್ ತೆರೆದರೆ ಅನ್ನ, ತೆರೆಯದಿದ್ದರೆ ಇಲ್ಲ.

ಸೇರಿದ ಹೊಸದರಲ್ಲಿ ಟ್ರೇನಿಂಗ್ ಕೊಡುವ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ ಕನ್ನಡ ಸ್ವಲ್ಪ ರಫ್ ಇದೆ. ಕಸ್ಟಮರ್ ಹತ್ರ ಸಾಫ್ಟಾಗಿ ಮಾತಾಡ್ಬೇಕು, ಇಲ್ಲಾಂದ್ರೆ ರೇಟಿಂಗ್ ಬೀಳುತ್ತೆ” ಅಂದಳು. ಹುಟ್ಟಿನಿಂದ ಆಡಿದ ಮಾತು ಇವರಿಗೆ ಒರಟು. ಹೊಟ್ಟೆಪಾಡು ನೋಡಿ, ನಾಲಿಗೆಯನ್ನು ಮಡಚಿಟ್ಟುಕೊಂಡೆ. ಬ್ಯಾಡ ಎನ್ನುವುದು ಬೇಡ ಆಯಿತು, ಹೌದ್ರಿ ಎನ್ನುವುದು ಹೌದು ಮೇಡಂ ಆಯಿತು.

ಇಂದಿರಾನಗರದ ಒಂದು ಮನೆಯಲ್ಲಿ ಮೇಡಂ ಒಬ್ಬರ ಕಾಲು ತಿಕ್ಕುತ್ತ ನನಗೇ ಗೊತ್ತಿಲ್ಲದೆ ಅವ್ವನದೊಂದು ಗುನುಗಿದೆ. ಏನದು ಎಂದು ಕೇಳಿದರು. “ಪದ ಮೇಡಂ” ಅಂದೆ. “ಪದನಾ? ಪದ ಅಂದ್ರೆ ವರ್ಡ್ ಅಲ್ವಾ?” ಎಂದು ಅವರು ನಕ್ಕರು, ಪಕ್ಕದಲ್ಲಿದ್ದ ಗೆಳತಿಯನ್ನೂ ಕರೆದು ನಗಿಸಿದರು. ಅವತ್ತಿನಿಂದ ಆ ಮಾತನ್ನೂ ಮಡಚಿಟ್ಟೆ. ಬೆಂಗಳೂರಿನಲ್ಲಿ ಯಾರು ಕೇಳಿದರೂ ಹಾಡು ಅನ್ನುವುದನ್ನು ರೂಢಿ ಮಾಡಿಕೊಂಡೆ.

ಹೀಗಿರುವಾಗ ಒಂದು ದಿನ ಆ್ಯಪ್ ತನ್ನನ್ನು ಹೊಸದು ಮಾಡಿಕೊಳ್ಳಬೇಕು ಎಂದು ಹಟ ಹಿಡಿಯಿತು. ಒತ್ತಿದರೆ ಫೋನು ಜಾಗವಿಲ್ಲ ಅನ್ನುತ್ತದೆ. ಇದ್ದ ಫೋಟೋಗಳನ್ನೆಲ್ಲ ಅಳಿಸಿದೆ. ತಮ್ಮನ ಮದುವೆಯ ವಿಡಿಯೊ ಅಳಿಸಿದೆ. ಆದರೂ ಜಾಗವಿಲ್ಲ. ಕಾರ್ಡಿನಲ್ಲಿ ಬೇಕಾದಷ್ಟು ಜಾಗ ಬಿದ್ದಿತ್ತು, ಆದರೆ ಆ್ಯಪ್ ಮಹಾರಾಣಿ ಅಲ್ಲಿಗೆ ಕಾಲಿಡುವುದಿಲ್ಲವಂತೆ, ಅವಳಿಗೆ ಫೋನಿನ ಒಳಮನೆಯೇ ಬೇಕಂತೆ. ಒಳಮನೆಯಲ್ಲಿ ಇಸ್ಪೀಟಿನವರು ಕಾಲು ಚಾಚಿ ಮಲಗಿದ್ದಾರೆ.

ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿದೆ.

“ಸ್ಪೇಸ್ ಮಾಡ್ಕೊಳಿ ಮೇಡಂ. ಬೇಡದ್ದೆಲ್ಲಾ ಡಿಲೀಟ್ ಮಾಡಿ.”

“ಬೇಕಾದದ್ದೇ ಎಲ್ಲಾ ಡಿಲೀಟ್ ಮಾಡಿದೀನಿ ಸರ್. ಬೇಡದ್ದು ಹೋಗ್ತಿಲ್ಲ.”

“ಹಂಗಾದ್ರೆ ಹೊಸ ಫೋನ್ ತಗೊಳಿ. ಸೋಮವಾರದಿಂದ ಹಳೇ ವರ್ಷನ್ ಓಡಲ್ಲ.”

ಹೊಸ ಫೋನ್ ತಗೊಳ್ಳಿ. ಸಂತೆಯಲ್ಲಿ ಬದನೆಕಾಯಿ ತಗೊಳ್ಳಿ ಅಂದ ಹಾಗೆ ಅಂದುಬಿಟ್ಟ ಪುಣ್ಯಾತ್ಮ.

ಶಿವಾಜಿನಗರಕ್ಕೆ ಹೋದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಒಬ್ಬ ಭಾಯ್ ಇದ್ದಾರೆ. ಗಡ್ಡ ನೆರೆತಿದೆ, ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ. ಅವರ ದಖನಿ ಮಾತು ನಮ್ಮ ಊರಿನ ಸಾಬರ ಮಾತಿನಂತೆಯೇ ಇದ್ದದ್ದರಿಂದ ನನಗೆ ಆ ಅಂಗಡಿಯ ಮೇಲೆ ಒಂದು ನಂಬಿಕೆ. ಫೋನ್ ತಿರುವಿ ಮುರುವಿ ನೋಡಿ ಹೇಳಿದರು:

“ಅಕ್ಕಾ, ಈ ಫೋನಲ್ಲಿ ನೀವು ಬಾಡಿಗೆಗಿದೀರ. ಓನರ್ ಯಾರು, ಫೋನ್ ಮಾಡಿದ ಕಂಪನಿ. ರೂಟ್ ಮಾಡಿದ್ರೆ, ಅಂದ್ರೆ ಕಂಪನಿ ಹಾಕಿದ ಬೀಗ ಒಡೆದ್ರೆ, ನೀವೇ ಓನರ್. ಇಸ್ಪೀಟು ಗಿಸ್ಪೀಟು ಎಲ್ಲಾ ಎತ್ತಿ ಬಿಸಾಕ್ಬಹುದು. ಕಾರ್ಡನ್ನೂ ಎರಡು ಭಾಗ ಮಾಡಿ, ಒಂದು ಭಾಗ ಒಳಗಿನ ಮೆಮೊರಿನೇ ಅಂತ ಫೋನಿಗೆ ನಂಬಿಸ್ಬಹುದು. ಜಾಗನೇ ಜಾಗ.”

ನನ್ನ ರೂಮಿನ ಗೋಡೆಗೆ ಒಂದು ಮೊಳೆ ಹೊಡೆಯಲು ಕೆಳಗಿನ ಓನರ್ ಆಂಟಿ ಬಿಡುವುದಿಲ್ಲ. ದೇವರ ಫೋಟೋವನ್ನು ಕಿಟಕಿಯಲ್ಲಿ ಇಟ್ಟುಕೊಂಡಿದ್ದೇನೆ. ನೀವೇ ಓನರ್ ಎಂದು ಜೀವನದಲ್ಲಿ ಮೊದಲ ಸಲ ಒಬ್ಬರು ಹೇಳಿದಾಗ ಹಿಗ್ಗಿಬಿಟ್ಟೆ. ಮಾಡಿ ಭಾಯ್ ಅಂದೆ.

ಅವರು ಫೋನಿನಲ್ಲಿದ್ದ ನಂಬರುಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡರು. ಆಮೇಲೆ ಕೇಳಿದರು:

“ಕಾರ್ಡಲ್ಲಿ ಏನಿದೆ ಅಕ್ಕಾ?”

ಪದ ಎಂದು ತುದಿನಾಲಿಗೆಗೆ ಬಂದಿತ್ತು. ಬೆಂಗಳೂರು ಕಲಿಸಿದ ನಾಲಿಗೆ ಅದನ್ನು ನುಂಗಿತು.

“ಹಾಡು.”

“ಬರೀ ಹಾಡಾ? ಬೇರೆ ಏನೂ ಇಲ್ಲ?”

“ಇಲ್ಲ, ಹಾಡೇ. ಅವು ಮಾತ್ರ ಹೋಗ್ಬಾರ್ದು ಭಾಯ್.”

“ಟೆನ್ಶನ್ ನಕೋ ಅಕ್ಕಾ. ಹಾಡು ನಾನೇ ಹಾಕ್ಕೊಡ್ತೀನಿ.”

ಇಲ್ಲಿ ನೋಡಿ. ಮೊಬೈಲ್ ಅಂಗಡಿಗಳಲ್ಲಿ ಹಾಡು ಹಾಕುವುದು ಎಂಬುದೊಂದು ಕಸುಬೇ ಇದೆ. ಕಾರ್ಡು ಕೊಟ್ಟರೆ ಕಂಪ್ಯೂಟರಿನಿಂದ ಸಿನಿಮಾ ಹಾಡುಗಳನ್ನು ತುಂಬಿಸಿ ಕೊಡುತ್ತಾರೆ. ನಮ್ಮಂಥವರೆಲ್ಲ ಅಲ್ಲೇ ತುಂಬಿಸಿಕೊಳ್ಳುವವರು. ಹಾಡು ಹೋದರೆ ಯಾರೂ ಅಳುವುದಿಲ್ಲ, ಇನ್ನೊಂದು ಸಲ ಹಾಕಿಸುತ್ತಾರೆ. ಎರಡು ಭಾಗ ಮಾಡಲು ಕಾರ್ಡನ್ನು ಪೂರ್ತಿ ಅಳಿಸಲೇಬೇಕಂತೆ, ಆಮೇಲೆ ಹೊಸ ಹಾಡು ಹಾಕಿಕೊಟ್ಟರಾಯಿತು ಎಂದು ಅವರು ತಮ್ಮ ಕಸುಬಿನ ಮಾತು ಆಡಿದರು. ನಾನು, ಇದ್ದದ್ದನ್ನು ತೆಗೆದಿಟ್ಟು ವಾಪಸ್ ಹಾಕುತ್ತಾರೆ ಎಂದುಕೊಂಡೆ.

ಫೋನು ಕೈಗೆ ಬಂದಾಗ ಇಸ್ಪೀಟು ಇರಲಿಲ್ಲ, ಮಿಠಾಯಿ ಇರಲಿಲ್ಲ. ಆ್ಯಪ್ ಹೊಸದಾಗಿ ಇಳಿದು ಇನ್ನೂ ಜಾಗ ಮಿಕ್ಕಿತ್ತು. ಹಾಡಿಗೆ ಬೇರೆ ಕೊಡಬೇಕಾ ಎಂದರೆ, “ಅದು ನನ್ ಕಡೆಯಿಂದ ಅಕ್ಕಾ, ಕಾರ್ಡ್ ಫುಲ್ ಮಾಡಿದೀನಿ” ಎಂದು ನಕ್ಕರು. ಆ ಮಾತು ಕೇಳಿಯೂ ನನಗೆ ಹೊಳೆಯಲಿಲ್ಲ. ಬಸ್ಸಿನಲ್ಲಿ ಕೂತು ಖಾಲಿ ಜಾಗವನ್ನು ಮತ್ತೆ ಮತ್ತೆ ತೆಗೆದು ನೋಡಿದೆ, ಹೊಸ ಮನೆ ಕಟ್ಟಿಸಿದವರು ಗೋಡೆ ಸವರಿ ನೋಡುವ ಹಾಗೆ.

ಸಂಜೆ ಪಾತ್ರೆ ತಿಕ್ಕಲು ಕೂತಾಗ ದಿನವೂ ಫೋನಿನಲ್ಲಿ ಅವ್ವನ ದನಿ ಹಚ್ಚಿಕೊಳ್ಳುವುದು ನನ್ನ ರೂಢಿ. ಒತ್ತಿದೆ. ಶೇಂಗಾ ಸಿಪ್ಪೆಯ ಸದ್ದು ಬರಬೇಕಿತ್ತು, ಧಡಧಡ ಡ್ರಮ್ಮು ಬಂತು. ಯಾರೋ ಒಬ್ಬ ಹುಡುಗಿಯ ಸೊಂಟದ ಬಗ್ಗೆ ಕಿರುಚತೊಡಗಿದ. ಮುಂದಿನದು ಒತ್ತಿದೆ, ಅದರ ಮುಂದಿನದು ಒತ್ತಿದೆ. ಕಾರ್ಡಿನ ತುಂಬ ಅವೇ. ಸೋಪಿನ ಕೈಯಲ್ಲೇ ಹುಡುಕಿ ಹುಡುಕಿ ಫೋನೆಲ್ಲ ನೊರೆಯಾಯಿತು. ಅವ್ವ ಎಲ್ಲೂ ಇರಲಿಲ್ಲ.

ಬೆಳಿಗ್ಗೆ ಎದ್ದರೆ ಇನ್ನೊಂದು. ಆ್ಯಪ್ ತೆರೆದರೆ, ಈ ಫೋನಿನಲ್ಲಿ ಬದಲಾವಣೆ ಮಾಡಲಾಗಿದೆ, ಸುರಕ್ಷತೆಯ ಕಾರಣಕ್ಕೆ ಒಳಗೆ ಬಿಡಲಾಗುವುದಿಲ್ಲ ಎಂದು ಬಂತು. ಮ್ಯಾನೇಜರಿಗೆ ಮತ್ತೆ ಫೋನ್.

“ರೂಟ್ ಮಾಡ್ಸಿದೀರಾ? ಏನ್ ಮೇಡಂ ನೀವು. ಅದು ಫ್ರಾಡ್ ಮಾಡೋರು ಮಾಡ್ಸೋದು.”

“ನೀವೇ ಅಲ್ವಾ ಸರ್ ಸ್ಪೇಸ್ ಮಾಡ್ಕೊಳಿ ಅಂದಿದ್ದು?”

“ಹಿಂಗ್ ಮಾಡ್ಕೊಳಿ ಅಂದ್ನಾ? ಮೊದಲಿನ ಥರ ಮಾಡಿಸ್ಕೊಂಡು ಬನ್ನಿ, ಇಲ್ಲಾಂದ್ರೆ ಐಡಿ ಕಟ್ಟಾಗುತ್ತೆ.”

ಇವನ ಬಾಯಿಗೆ ಮಣ್ಣು ಹಾಕ. ಬಾಡಿಗೆಗೆ ಇದ್ದಷ್ಟು ದಿನ ನಾನು ನಂಬಿಕಸ್ಥೆ, ನನ್ನ ವಸ್ತುವಿಗೆ ನಾನೇ ಓನರ್ ಆದ ಕೂಡಲೇ ಕಳ್ಳಿ. ಇಂಥ ನ್ಯಾಯವನ್ನು ಯಾವ ಕಟ್ಟೆಯ ಮೇಲೆ ಕೂತು ಕಲಿತರೋ.

ಅಂಗಡಿಗೆ ಹೋದವಳು ಮೆಟ್ಟಿಲ ಮೇಲಿಂದಲೇ ಕೂಗಾಡಿದೆ. ಮಡಚಿಟ್ಟ ನಾಲಿಗೆ ತಾನಾಗಿ ಬಿಚ್ಚಿಕೊಂಡಿತು.

“ಯಾರಿಗಿ ಕೇಳಿ ಅಳಿಸಿದಿ? ಅದರಾಗ ನಮ್ಮವ್ವ ಇದ್ದಳು. ನಮ್ಮವ್ವನ ದನಿ ಇತ್ತು ಅದರಾಗ.”

ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹಾಡು ಅಂದ್ರಲ್ಲ ಅಕ್ಕಾ” ಎಂದರು. ಅಷ್ಟೇ ಅಂದದ್ದು, ಮೆಲ್ಲಗೆ. ಹೌದು, ಹಾಡು ಅಂದಿದ್ದೆ. ನನ್ನ ಬಾಯಲ್ಲಿ ಆ ಮಾತು ಇಟ್ಟವರು ಇಂದಿರಾನಗರದಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಾರೆ, ಬೈಸಿಕೊಳ್ಳುತ್ತಿರುವವರು ಇವರು. ಅದು ಗೊತ್ತಿದ್ದೂ ಬೈದೆ. ಎದುರಿಗೆ ಸಿಕ್ಕವರನ್ನೇ ಅಲ್ಲವೇ ನಾವು ಬೈಯುವುದು.

ಅಳಿಸಿದ್ದನ್ನು ಹೊರಗೆ ತೆಗೆಯುವ ಒಂದು ಸಾಫ್ಟ್‌ವೇರ್ ಹಾಕಿ ಅವರು ಮಧ್ಯಾಹ್ನದವರೆಗೂ ಕೂತರು, ಬಂದ ಗಿರಾಕಿಗಳನ್ನು ವಾಪಸ್ ಕಳಿಸಿದರು. ಬಂದದ್ದೆಲ್ಲ ಅವೇ ಸಿನಿಮಾದವು. ಕೊನೆಗೆ ನನ್ನ ಮುಖ ನೋಡದೆ ಹೇಳಿದರು:

“ಬರೀ ಅಳಿಸಿದ್ರೆ ಸಿಗೋದು ಅಕ್ಕಾ. ಅದರ ಮೇಲೆ ತುಂಬಿಸ್ಬಿಟ್ಟೆ. ನಿಮಗೆ ಖುಷಿಯಾಗ್ಲಿ ಅಂತ ಪೂರ್ತಿ ತುಂಬಿಸ್ಬಿಟ್ಟೆ.”

ಇನ್ನೊಬ್ಬರ ಹತ್ತಿರ ತೋರಿಸುತ್ತೇನೆ ಎಂದು ಕಾರ್ಡನ್ನು ತಾವೇ ಇಟ್ಟುಕೊಂಡರು. ಫೋನನ್ನು ಮೊದಲಿನಂತೆ ಕಂಪನಿಯ ಫೋನು ಮಾಡಿ ಕೊಟ್ಟರು. ಎಲ್ಲ ಅಳಿಸಿ ಹೊಸದರಂತೆ ಮಾಡಿದ್ದರಿಂದ ಹಳೆಯ ಕಸ ಹೋಗಿ, ಆ್ಯಪ್ ಹೇಗೋ ಒಳಗೆ ತೂರಿತು. ಮೊದಲೇ ಇಷ್ಟು ಮಾಡಿದ್ದರೆ ರೂಟೂ ಬೇಕಿರಲಿಲ್ಲ, ಕಾರ್ಡನ್ನು ಮುಟ್ಟುವುದೂ ಬೇಕಿರಲಿಲ್ಲ. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟಂತಾಯಿತು. ಪರದೆ ಹೊತ್ತಿಕೊಂಡಾಗ ಮೊದಲ ಸಾಲಿನಲ್ಲೇ ಇಸ್ಪೀಟು, ಪಕ್ಕದಲ್ಲಿ ಮಿಠಾಯಿ. ಹೋದದ್ದೆಲ್ಲ ತಿರುಗಿ ಬಂದಿತ್ತು, ಅವ್ವನೊಬ್ಬಳನ್ನು ಬಿಟ್ಟು.

ಸೋಮವಾರ ಕೆಲಸಕ್ಕೆ ಹೋದೆ. ಹೌದು ಮೇಡಂ, ಬೇಡ ಮೇಡಂ ಅಂದೆ. ಭಾಯ್ ಕಡೆಯಿಂದ ಕಾರ್ಡಿನ ಸುದ್ದಿ ಬರಲಿಲ್ಲ, ಇನ್ನು ಬರುವುದೂ ಇಲ್ಲ.

ಆ ವಾರವೇ ಒಂದು ಸಂಜೆ ಮಹಡಿಯ ಒಗೆಯುವ ಕಲ್ಲಿನ ಪಕ್ಕ ಪಾತ್ರೆ ಹರವಿಕೊಂಡು ಕೂತಿದ್ದೆ. ಅವ್ವನ ಮೊದಲ ಪದ ಅರ್ಧ ನೆನಪಿತ್ತು. ಮರೆಯುವ ಮುಂಚೆ ನನ್ನ ದನಿಯಲ್ಲಾದರೂ ಹಿಡಿದಿಡೋಣ ಎಂದು ಫೋನನ್ನು ಬುಟ್ಟಿಗೆ ಆನಿಸಿ ರೆಕಾರ್ಡ್ ಒತ್ತಿದೆ. ಜಾಗವಿಲ್ಲ ಅಂದಿತು. ಇವುಗಳಲ್ಲಿ ಏನನ್ನಾದರೂ ತೆಗೆದುಹಾಕಿ ಎಂದು ತೋರಿಸಿತು. ಆ ಪಟ್ಟಿಯಲ್ಲಿ ಇಸ್ಪೀಟಿಲ್ಲ, ಮಿಠಾಯಿಯಿಲ್ಲ. ತೋರಿಸಿದ್ದು ನನ್ನ ಕೆಲಸದ ಆ್ಯಪನ್ನು.

ಬೆರಳು ಅದರ ಮೇಲೆ ಹೋಯಿತು. ಒತ್ತಲಿಲ್ಲ. ನಾಳೆ ಉಣ್ಣಬೇಕಲ್ಲ. ಫೋನನ್ನು ಬೋರಲು ಹಾಕಿ, ಬೋಗುಣಿ ತಿಕ್ಕುತ್ತ, ಯಾವ ಮೆಮೊರಿಯೂ ಬೇಡವೆಂದು ಬಾಯಿ ತೆರೆದೆ. ಸಿಟ್ಟಿಗೆ ದನಿ ದೊಡ್ಡದಾಗಿಯೇ ಬಂತು.

ಕೆಳಗಿನಿಂದ ಓನರ್ ಆಂಟಿ ಕೂಗಿದರು. “ಏನಮ್ಮಾ ಮೇಲೆ ಸೌಂಡು? ಹಾಡಾ?”

“ಹಾಡಲ್ಲ ಆಂಟಿ, ಪದ.”

“ಪದನಾ? ಹಂಗಂದ್ರೆ?”

ಎರಡನೆಯ ನುಡಿ ಮರೆತುಹೋಗಿತ್ತು. ಮೊದಲನೆಯದನ್ನೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಎತ್ತಿಕೊಂಡೆ.