ಸೆಬಾಹಿರೆಗೆ ಹಾಕಿದ ಮದ್ದು

ನಮ್ಮ ಗುಡ್ಡದಲ್ಲಿ ಗಂಡಸು ಸೈಕಲ್ ಮೇಲೆ ನೀರಿನ ಕ್ಯಾನು ತಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಬೆನ್ನಿಗೆ ಕೂಸು ಕಟ್ಟಿಕೊಂಡನೋ, ಊರೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಪಕ್ಕದ ಮನೆಯ ಸೆಬಾಹಿರೆ ಕಟ್ಟಿಕೊಂಡ. ಹೆಂಡತಿ ಮುಕಾಂದೋಲಿ ಕಾಫಿ ಬೀಜ ಆರಿಸುವ ಕೆಲಸಕ್ಕೆ ಸೇರಿದ ಮೇಲೆ ಎಂಟು ತಿಂಗಳ ಮಗಳು ಗಜು ಅವನ ಬೆನ್ನೇರಿದಳು. ಅಂಗಳ ಗುಡಿಸಿದ, ಕಾಳು ಬೇಯಿಸಿದ. ಮೊದಲು ನಕ್ಕವಳು ನಾನೇ, ಸುಳ್ಳೇಕೆ ಹೇಳಲಿ?

ಜೋಳದ ಬಿಯರಿನ ಮಡಕೆ ಸುತ್ತ ಕೂರುವ ಗಂಡಸರು ಅವನ ಕೈಗೆ ಹೀರುಗೊಳವೆ ಕೊಡುವುದನ್ನೇ ಬಿಟ್ಟರು. "ಹೇಳ್ದಂಗೆ ಕೇಳ್ಲಿ ಅಂತ ಹೆಂಡ್ತಿ ಮದ್ದು ಹಾಕಿದಾಳೆ ಕಣ್ರೋ!" ಮಾತು ಆಚೆ ಗುಡ್ಡ ಮುಟ್ಟಿತು. ಅಲ್ಲಿದ್ದ ಅವನ ತಾಯಿ ನ್ಯಿರಾಬುಕಾರ, ವಾಂತಿ ಮಾಡಿಸುವ ಸೊಪ್ಪಿನ ಕಷಾಯ ಹಿಡಿದು ಬಂದೇಬಿಟ್ಟಳು.

"ಕುಡಿಯೋ. ಹೊಟ್ಟೇಲಿರೋದೆಲ್ಲ ಕಾರಿಬಿಡು. ಆಮೇಲೆ ಇವಳನ್ನ ತವರಿಗೆ ಅಟ್ಟೋದು ನನಗೆ ಬಿಡು."

"ಅತ್ತೆ, ದೇವರಾಣೆ ನಾನೇನೂ ಹಾಕಿಲ್ಲ" ಎಂದು ಮುಕಾಂದೋಲಿ ಅತ್ತಳು. ಮದ್ದು ಹಾಕಿದವಳು ಅನ್ನಿಸಿಕೊಂಡರೆ ನಮ್ಮಲ್ಲಿ ಅವಳ ಕೈಯಿಂದ ನೀರನ್ನೂ ಯಾರೂ ಮುಟ್ಟುವುದಿಲ್ಲ. ಮೊದಲು ನಕ್ಕಿದ್ದಕ್ಕೆ ನನಗೇ ನಾಚಿಕೆಯಾಯಿತು.

ಸೆಬಾಹಿರೆ ಕಷಾಯ ಕುಡಿದ. ಸಂಜೆತನಕ ಕಾರಿದ. ಗಂಡಸರು ಬೇಲಿಗೆ ಒರಗಿ ನೋಡಿ, "ಇನ್ನು ಸರಿಹೋಗ್ತಾನೆ" ಎಂದು ಮನೆಗೆ ಹೋದರು.

ಬೆಳಿಗ್ಗೆ ಮುಕಾಂದೋಲಿ ಕೆಲಸಕ್ಕೆ ಹೊರಡುವುದೋ ತವರಿಗೋ ತಿಳಿಯದೆ ನಿಂತಿದ್ದಳು. ಸೆಬಾಹಿರೆ ತೂರಾಡುತ್ತ ಎದ್ದ, ಮುಖ ತೊಳೆದ, ಬಗ್ಗಿ ಗಜುವನ್ನು ಬೆನ್ನಿಗೆ ಹಾಕಿಕೊಂಡು ಬಟ್ಟೆ ಬಿಗಿದ.

ತಾಯಿ ಕಂಗಾಲಾದಳು. "ಇನ್ನೂ ಉಳಿದಿದೆಯೇನೋ ಹೊಟ್ಟೇಲಿ?"

"ಮೊನ್ನೆ ತಿಂದ ಬಾಳೆಕಾಯೂ ಉಳಿದಿಲ್ಲಮ್ಮ. ಯಾರೂ ಏನೂ ಹಾಕಿರ್ಲಿಲ್ಲ. ಇದು ಮದ್ದಲ್ಲ, ನಿನ್ನ ಮಗನೇ. ಗಜು ನನ್ನ ಬೆನ್ನಿಗೆ ಕೆನ್ನೆ ಆನಿಸಿ ನಿದ್ದೆ ಹೋಗ್ತಾಳಲ್ಲ, ಅದು ನನಗೆ ಬೇಕು."

ನ್ಯಿರಾಬುಕಾರ ಹೊಸಿಲ ಮೇಲೆ ಕೂತಳು. ಮಗನ ಬೆನ್ನನ್ನೇ ನೋಡಿದಳು.

"ಏಳು ಹೆತ್ತೆ. ಒಂದನ್ನ ಕಟ್ಕೊಂಡು, ಒಂದನ್ನ ಹೊಟ್ಟೇಲಿಟ್ಕೊಂಡು ಗೆಣಸು ಅಗೆದೆ. ನಿಮ್ಮಪ್ಪ ಒಂದನ್ನೂ ಎತ್ಕೊಳ್ಳಲಿಲ್ಲ. ಇಂಥ ಮದ್ದು ಅಂತ ನಿಜವಾಗ್ಲೂ ಇದ್ದಿದ್ರೆ ನಾನೇ ಹಾಕ್ತಿದ್ದೆ ಕಣೋ."

ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು.

"ನೀನ್ಯಾಕೆ ನಿಂತಿದೀಯ ತಾಯಿ? ಹೊರಡು, ಕೆಲಸಕ್ಕೆ ಹೊತ್ತಾಯ್ತು."